ಇರಲಿ ಎಂದು ಇಟ್ಟುಕೊಂಡ ದೇವರು

ಲಿಫ್ಟ್ ರಿಪೇರಿಯವನಿಗೆ ಜೊತೆ ಕೆಲಸದವರು ಇಟ್ಟ ಹೆಸರು ‘ಪುರಾವೆ’. ಟೀ ಕುಡಿಯುವಾಗ ಯಾರಾದರೂ ಅಪ್ಪಿತಪ್ಪಿ ದೇವರ ಮಾತೆತ್ತಿದರೆ ಸಾಕು, ಲೋಟ ಕೆಳಗಿಟ್ಟು “ಪುರಾವೆ ಎಲ್ಲಿ?” ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಎಲ್ಲರ ಟೀ ತಣ್ಣಗಾದರೂ ಇವನು ತಣ್ಣಗಾಗುತ್ತಿರಲಿಲ್ಲ. ಮನೆಯಲ್ಲೂ ಬಿಡುತ್ತಿರಲಿಲ್ಲ. ಹೆಂಡತಿ ಊರವರ ಬಟ್ಟೆ ಹೊಲಿಯುವವಳು. ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಮೊದಲು ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುವುದು ಅವಳ ರೂಢಿ. ಅವಳು ಕಣ್ಣು ಬಿಟ್ಟ ಕೂಡಲೇ “ಏನಂದ್ರು ಸಾಹೇಬ್ರು?” ಎಂದು ಕೇಳುವುದು ಇವನ ರೂಢಿ. ಅವಳು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡದವರನ್ನು ಸೋಲಿಸುವುದು ಬಹಳ ಸುಲಭ. ಮದುವೆಯಾದಾಗಿನಿಂದ ಇವನು ಗೆಲ್ಲುತ್ತಲೇ ಬಂದಿದ್ದ.

ಇಂಥವನ ಹೆಂಡತಿಯ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಗುರುವಾರ ಆಪರೇಷನ್ ಮಾಡಿ ತೆಗೆಯೋಣ, ಅದು ಒಳ್ಳೆಯದೋ ಕೆಟ್ಟದ್ದೋ ತೆಗೆದ ಮೇಲೆ ಗೊತ್ತಾಗುತ್ತದೆ ಎಂದರು ಡಾಕ್ಟರು. ಜೀವಮಾನದಲ್ಲಿ ಮೊದಲ ಸಲ ಪುರಾವೆಗೆ ಪುರಾವೆ ಬೇಡವೇ ಬೇಡ ಅನ್ನಿಸಿತು.

ಆಮೇಲೆ ಅವನ ತಲೆ ಓಡತೊಡಗಿತು. ಲಿಫ್ಟನ್ನು ಹಿಡಿದಿರುವುದು ಉಕ್ಕಿನ ರೋಪುಗಳು. ಅವು ಗಟ್ಟಿಯಾಗಿವೆ ಎಂದು ಗೊತ್ತಿದ್ದರೂ ಅಡಿಯಲ್ಲಿ, ರೋಪು ತುಂಡಾದರೆ ಲಿಫ್ಟನ್ನು ಹಿಡಿದು ನಿಲ್ಲಿಸುವ ಒಂದು ಸೇಫ್ಟಿ ಬ್ರೇಕ್ ಇರುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ, ಪರೀಕ್ಷೆಗೆಂದು ತಾನೇ ಹಿಡಿಸಿ ನೋಡಿದ್ದು ಬಿಟ್ಟರೆ, ಅದು ಉಪಯೋಗಕ್ಕೆ ಬಂದದ್ದನ್ನು ಇವನು ನೋಡಿಯೇ ಇಲ್ಲ. ಹಾಗಂತ ಯಾರೂ ಅದನ್ನು ಬಿಚ್ಚಿ ಎಸೆಯುವುದಿಲ್ಲ. ಇರಲಿ ಅಂತ ಇರುತ್ತದೆ. ದೇವರೂ ಹಾಗೇ ಇದ್ದುಕೊಳ್ಳಲಿ, ಇದ್ದರೆ ಲಾಭ, ಇಲ್ಲದಿದ್ದರೆ ಹೋಗುವುದೇನಿದೆ? ಇಂಥ ಜಾಣ ಲೆಕ್ಕವನ್ನು ತನಗಿಂತ ಮೊದಲು ಯಾರೂ ಹಾಕಿರಲಿಕ್ಕಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟ.

ತೊಂದರೆ ಇಷ್ಟೇ. ನಂಬಬೇಕು ಎಂದುಕೊಂಡ ಮಾತ್ರಕ್ಕೆ ನಂಬಿಕೆ ಬರಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಪ್ರಯತ್ನಿಸಿದ. ನಿದ್ದೆ ಬಂದು ಇಳಿಯುವ ಸ್ಟಾಪು ದಾಟಿಹೋಯಿತು. ಇನ್ನೊಂದು ಅನುಮಾನವೂ ಹುಟ್ಟಿತು. ದೇವರು ಅಷ್ಟು ದೊಡ್ಡವನಾದರೆ, ಲಾಭ ನೋಡಿಕೊಂಡು ಬಂದವನ ಬಂಡವಾಳ ಅವನಿಗೆ ತಿಳಿಯದೇ ಇರುತ್ತದೆಯೇ? ಅಷ್ಟು ಕೆಲಸ ಇರುವವರು ಯಾರನ್ನೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ. ನಂಬಿಕೆ ಆಮೇಲೆ ಬಂದರೆ ಬರಲಿ, ಸದ್ಯಕ್ಕೆ ಅರ್ಜಿ ಹಾಕಿಬಿಡೋಣ ಎಂದು ತೀರ್ಮಾನವಾಯಿತು.

ಮನೆಯಲ್ಲಿ ಕೈ ಮುಗಿದು ನಿಲ್ಲಲು ಮುಖ ಬೇಕಲ್ಲ? ಅದಕ್ಕೇ ಸೋಮವಾರ ಒಂದು ಅಪಾರ್ಟ್‌ಮೆಂಟಿನ ತಾರಸಿಯ ಮೇಲಿನ ಮೆಷಿನ್ ರೂಮನ್ನು ಆರಿಸಿಕೊಂಡ. ಲಿಫ್ಟಿನ ಮೋಟರು ಇರುವ ಕೋಣೆ ಅದು. ಅಲ್ಲಿಂದ ಲಿಫ್ಟಿನೊಳಗೆ ಮಾತಾಡಲು ಗೋಡೆಯಲ್ಲಿ, ಕರೆಂಟು ಹೋದರೂ ಬ್ಯಾಟರಿಯ ಮೇಲೆ ನಡೆಯುವ ಒಂದು ಇಂಟರ್‌ಕಾಮ್ ಇರುತ್ತದೆ. ಅದನ್ನು ಪರೀಕ್ಷಿಸಿ, ಬಾಗಿಲು ಹಾಕಿಕೊಂಡು, ಮೋಟರಿನ ಗಲಾಟೆ ಬೇಡವೆಂದು ಮೇನ್ ಸ್ವಿಚ್ ಆಫ್ ಮಾಡಿದ. ಆಫ್ ಮಾಡುವ ಮೊದಲು ಲಿಫ್ಟಿನೊಳಗೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಈ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಹೊಸಬರಿಗೆ ಆ ಪಾಠ ಹೇಳುತ್ತಿದ್ದವನೂ ಇವನೇ. ಅವತ್ತು ಅದನ್ನು ಮರೆತ. ಪರೀಕ್ಷೆಗೆಂದು ಒತ್ತಿದ್ದ ಇಂಟರ್‌ಕಾಮಿನ ಗುಂಡಿಯನ್ನು ಆಫ್ ಮಾಡುವುದನ್ನೂ ಮರೆತ.

“ಯಾರಿದ್ದೀರೋ ಅವರಿಗೆ ನಮಸ್ಕಾರ,” ಎಂದು ಶುರು ಮಾಡಿದ. ಹೆಸರು ಹಿಡಿದು ಕರೆಯಲು ಧೈರ್ಯ ಸಾಲಲಿಲ್ಲ. ಒಬ್ಬರನ್ನು ಕರೆದರೆ ಇನ್ನೊಬ್ಬರು ಮುನಿಸಿಕೊಳ್ಳಬಹುದು. ಇಷ್ಟು ವರ್ಷ ಟೀ ಹೊತ್ತಿನಲ್ಲಿ ಆಡಿದ್ದಕ್ಕೆಲ್ಲ ಕ್ಷಮೆ ಕೇಳಿದ. ನೀವು ಇಲ್ಲದೇ ಹೋದ ಪಕ್ಷದಲ್ಲಿ ಈ ಕ್ಷಮೆ ಲೆಕ್ಕಕ್ಕಿಲ್ಲ ಎಂದೂ ಸೇರಿಸಿದ. ಹೀಗೆ ಷರತ್ತಿನ ಮೇಲೆ ಷರತ್ತು ಹಾಕುತ್ತಾ ಹೆಂಡತಿಯ ವಿಷಯಕ್ಕೆ ಬಂದ. ಅವಳನ್ನು ಉಳಿಸಿಕೊಡಿ ಎಂದ. ಅವಳಿಲ್ಲದ ಮನೆಯೊಳಗೆ ಕಾಲಿಡುವುದು ಹೇಗೆಂದು ಕೇಳಿದ. ಕಣ್ಣಲ್ಲಿ ನೀರು ಬಂತು.

“ಕೇಳಿಸ್ತಿದೆಯಾ?” ಎಂದ.

“ಕೇಳಿಸ್ತಿದೆ,” ಎಂದಿತು ಗೋಡೆ.

ಆ ಇಂಟರ್‌ಕಾಮನ್ನು ಅಲ್ಲಿ ಕೂರಿಸಿದವನು ತಾನೇ ಎಂಬುದು ತಲೆಗೆ ಹೊಳೆಯುವ ಮೊದಲು ಪುರಾವೆ “ತಪ್ಪಾಯ್ತು, ತಪ್ಪಾಯ್ತು” ಎಂದು ಗೋಡೆಗೆ ಅಡ್ಡಬಿದ್ದಾಗಿತ್ತು. ಅಷ್ಟರಲ್ಲಿ ಗೋಡೆ ಸೀನಿತು. ಲೈಟು ಹೋಗಿದೆಯಪ್ಪಾ, ಲಿಫ್ಟೂ ನಿಂತಿದೆ, ನಿನ್ನದು ಮುಗಿದಿದ್ದರೆ ಸ್ವಲ್ಪ ನೋಡು ಎಂದಿತು.

ಸ್ವಿಚ್ ಹಾಕಿ, ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದ. ಲಿಫ್ಟಿನಿಂದ ತರಕಾರಿ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಹೊರಬಂದರು. ಇವನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಅವರು ಬೈಯಲಿಲ್ಲ. ಅಂಥ ಮಾತಿನ ಮಧ್ಯೆ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಿದ್ದೆ, ನೀನೇ ಕೇಳಿದ್ದಕ್ಕೆ ಹೇಳಬೇಕಾಯಿತು ಎಂದರು. ಹೆಂಡತಿಗೆ ವಾಸಿಯಾಗಲಿ ಎಂದು ಹೇಳಿ ಮನೆಯ ಬೀಗ ತೆಗೆದರು.

ಸಂಜೆ ಇದನ್ನೆಲ್ಲ ಹೆಂಡತಿಗೆ ಉಪ್ಪು ಖಾರ ಹಚ್ಚಿ ಹೇಳಿದ. ಗುರುವಾರದೊಳಗೆ ಮುಗಿಸಬೇಕೆಂದು ಅವಳು ಯಾರದೋ ಕೋಟಿನ ಗುಂಡಿ ಹೊಲಿಯುತ್ತಾ ಕೂತಿದ್ದಳು. ಗೋಡೆ ಸೀನಿದ ಕಡೆ ಸೂಜಿ ಬದಿಗಿಟ್ಟು, ಕುತ್ತಿಗೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಕಂಡು ಇವನಿಗೆ ಮಾನ ಹೋದದ್ದೂ ಸಾರ್ಥಕ ಅನ್ನಿಸಿತು. ಬೇಡಿಕೊಂಡ ಮಾತು ಮಾತ್ರ ಹೇಳಲಿಲ್ಲ, ದೇವರ ಹತ್ತಿರ ಏನೋ ಗೊಣಗುತ್ತಿದ್ದೆ ಎಂದು ಹಾರಿಸಿಬಿಟ್ಟ.

“ನಂದು ಹೋಗ್ಲಿ ಬಿಡು, ನಿನ್ನೆ ಮೊನ್ನೆಯ ಗಿರಾಕಿ,” ಎಂದ. “ನೀನು ಬೇಡ್ಕೊಂಡಿದ್ದೀಯಲ್ಲ, ಅದು ನಡೆಯುತ್ತೆ.”

“ನಾನು ಬೇಡ್ಕೊಂಡೇ ಇಲ್ಲ.”

“ದಿನಾ ನಿಲ್ತೀಯಲ್ಲ?”

“ನಿಲ್ತೀನಿ. ಡಾಕ್ಟ್ರು ಹೇಳಿದಾಗಿಂದ ಕಣ್ಣು ಮುಚ್ಚಿದ್ರೆ ಒಂದು ಮಾತೂ ಬರಲ್ಲ. ನಿಲ್ಲದೇ ಇದ್ರೆ ನೀವು ಹೆದರ್ಕೋತೀರಿ ಅಂತ ನಿಲ್ತೀನಿ.”

ದೇವರಿಲ್ಲ ಎಂದು ಇಷ್ಟು ವರ್ಷ ಎದೆ ಸೆಟೆಸಿಕೊಂಡು ತಿರುಗಿದ್ದು ಯಾವ ಧೈರ್ಯದ ಮೇಲೆ ಎಂದು ಇವನಿಗೆ ಈಗ ಗೊತ್ತಾಯಿತು. ಮನೆಯಲ್ಲಿ ಇವಳೊಬ್ಬಳು ಇವನ ಪಾಲಿನದನ್ನೂ ಸೇರಿಸಿ ಬೇಡಿಕೊಳ್ಳುತ್ತಿದ್ದಳು. ಅದನ್ನು ನೆಚ್ಚಿಕೊಂಡು ಈ ಮಹಾಶಯ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ.

“ಅಲ್ಲಿ ಏನು ಹೇಳಿದ್ರಿ?” ಎಂದಳು.

“ಏನೋ ಒಂದು.”

“ಇದ್ದಾನೋ ಇಲ್ವೋ ಅಂತ ಗೊತ್ತಿಲ್ಲದೋನಿಗೆ ಹೇಳಿದ್ರಿ. ಯಾರೋ ಗುರುತಿಲ್ಲದೋರು ಕೇಳಿಸ್ಕೊಂಡ್ರು. ನಾನು ಎದುರಿಗೇ ಇದ್ದೀನಿ, ನಂಗೆ ಹೇಳಲ್ವಾ?”

ತಮಾಷೆಯ ಮಾತೊಂದನ್ನು ಹುಡುಕಿದ, ಸಿಗಲಿಲ್ಲ. ಯಾವ ಷರತ್ತೂ ನೆನಪಾಗಲಿಲ್ಲ.

“ನಂಗೆ ತುಂಬಾ ಭಯ ಆಗ್ತಿದೆ ಕಣೇ,” ಎಂದ.

ಅವಳು ಮಡಿಲಲ್ಲಿದ್ದ ಕೋಟನ್ನು ಪಕ್ಕಕ್ಕಿಟ್ಟು ಅವನ ಕೈ ಹಿಡಿದುಕೊಂಡಳು.

“ನಂಗೂ,” ಎಂದಳು. “ಯಾರ ಹತ್ರ ಹೇಳ್ಲಿ ಅಂತ ಕಾಯ್ತಿದ್ದೆ.”