ಒಂದ ಮಾತಿನಾಗ ಹೇಳು

"ಏಯ್, ಒಂದ ಮಾತಿನಾಗ ಹೇಳಬೇ! ನಿನ್ನ ಪುರಾಣ ಯಾರಿಗೆ ಬೇಕಾಗೈತಿ?"

ಮೈಕಿನ ಮುಂದೆ ನಿಂತಿದ್ದ ದಸ್ತಗಿರಮ್ಮನನ್ನು ಕೊಟ್ರೇಶಪ್ಪ ಗದರಿದ. ಅವನ ಹೊಲದಲ್ಲೇ ಅವಳ ಕೂಲಿ. ಆಂಧ್ರದ ಗಡಿಯ ಹೊಳಗುಂದದ ರಸ್ತೆಗೆ ಟೀವಿಯವರು ಬಂದಿದ್ದಾರೆ, ಗುಳೆ ಹೋಗುವವರ ಕಷ್ಟ ಕೇಳುತ್ತಾರಂತೆ ಎಂದು ಹೆಂಗಸರೆಲ್ಲ ಉಡಿಯ ಹತ್ತಿ ಸಮೇತ ಓಡಿ ಬಂದಿದ್ದರು.

ತೆಲುಗು ಚಾನೆಲ್ಲಿನ ವರದಿಗಾರ ಉದಯಕುಮಾರ್ ಮತ್ತೆ ಮೈಕು ಹಿಡಿದ. "ಟೈಮ್ ಲೇದಮ್ಮಾ. ಸರ್ಕಾರ ಏನ್ ಮಾಡ್ಬೇಕು? ಶಾರ್ಟಾಗಿ ಚೆಪ್ಪು."

"ಹಾಸ್ಟೆಲ್ ರೀ ಸರ್. ನಾವು ಮೆಣಸಿನಕಾಯಿ ಬಿಡಸಾಕ ಗುಂಟೂರು ಕಡೆ ಹೋಕ್ಕೀವಿ. ಹೋದಮ್ಯಾಲೆ ಸರ್ಕಾರದವ್ರು ನಮ್ಮ ಹುಡುಗ್ರಿಗೆ ಸಾಲ್ಯಾಗ ಹಾಸ್ಟೆಲ್ ಶುರು ಮಾಡ್ತಾರ. ಅಷ್ಟ್ರಾಗ ಹುಡುಗ್ರು ನಮ್ಮ ಹಿಂದ ಲಾರಿ ಹತ್ತಿರ್ತಾವು. ಮೊದ್ಲ ತೆಗದ್ರ..."

"ಕಟ್! ಇದೆಲ್ಲ ಯಾರೂ ನೋಡಲ್ಲಮ್ಮಾ. ಮಗಳಿದ್ದಾಳಾ? ತಬ್ಬಿಕೊಂಡು ಅಳು, ಸಾಕು."

ಮಗಳು ಪಲ್ಲವಿ ಶಾಲೆಯಲ್ಲಿದ್ದಳು. ಹೋದ ವರ್ಷ ತಾಯಿಯ ಹಿಂದೆ ಹೋಗಿ, ಪರೀಕ್ಷೆ ತಪ್ಪಿಸಿಕೊಂಡು, ತನಗಿಂತ ಚಿಕ್ಕ ಹುಡುಗಿಯರ ಜೊತೆ ಮತ್ತೆ ಒಂಬತ್ತನೇ ತರಗತಿಯಲ್ಲೇ ಕೂತಿದ್ದಳು.

ಕೊಟ್ರೇಶಪ್ಪ ಹೆಗಲ ಟವೆಲ್ ಸರಿಪಡಿಸಿಕೊಂಡು ಮುಂದೆ ಬಂದ. "ಗುಳೆ ಬಂದ್, ಊರು ಚಂದ!"

"ಸೂಪರ್ ಸರ್! ಒಂದೇ ಟೇಕು."

ಗುಂಟೂರಿಗೆ ಆಳು ತುಂಬಿಕೊಂಡು ಹೋಗುವ ಲಾರಿ ಅವನದೇ. ದಸ್ತಗಿರಮ್ಮನ ಮೈ ಉರಿದುಹೋಯಿತು.

"ಥೂ, ನಿನ್ನ ಬಾಯಾಗ ಮಣ್ಣಾಕ! ಲಾರಿ ನಿಂದ ಅಲ್ಲೇನಲೇ, ಹಾಟ್ಯಾನ ಮಗನ?"

"ಕೇರ್ಯಾಗಿನ ಬೋಸುಡಿ! ನಾಳೆ ನನ್ನ ಹೊಲದಾಗ ಕಾಲಿಟ್ಟು ನೋಡು!"

ಕ್ಯಾಮೆರಾ ಸರಕ್ಕನೆ ಅವಳತ್ತ ತಿರುಗಿತು. ಉದಯಕುಮಾರ್ ಕುಣಿದೇಬಿಟ್ಟ. "ಬೈಯಮ್ಮಾ, ಇನ್ನೊಮ್ಮೆ ಬೈಯಿ! ದಿನವೆಲ್ಲ ಓಡ್ತದೆ ಇದು!"

ಬಾಯಿಗೆ ಬಂದ ಬೈಗುಳವನ್ನು ಅವಳು ನುಂಗಿದಳು. ಇವರಿಗೆ ಬೇಕಾದ ಒಂದು ಮಾತು ಇದೇ. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಬೈಯಂಗಿಲ್ಲ. ಹಾಸ್ಟೆಲ್ ಮಾತು ಪೂರಾ ಕೇಳು."

ಕ್ಯಾಮೆರಾ ಕೆಳಗಿಳಿಯಿತು. "ಮೈಕ್ ಇಲ್ಲಿ ಕೊಡಮ್ಮಾ, ಆದವಾನಿಗೆ ಹೋಗ್ಬೇಕು," ಎಂದ ಉದಯಕುಮಾರ್.

ಅವಳು ಕೊಡಲಿಲ್ಲ. ಹೋಗಿ ಟೀವಿಯವರ ಕಾರಿನ ಮುಂದೆ ರಸ್ತೆಯಲ್ಲೇ ಕೂತಳು. ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುವ ಪಂಪಮ್ಮ ಕೊಟ್ರೇಶಪ್ಪನ ಕಡೆ ಒಮ್ಮೆ ನೋಡಿ, ಬಂದು ಜೊತೆಗೆ ಕೂತಳು. ಆಮೇಲೆ ಉಳಿದವರೂ ಕೂತರು. ಡ್ರೈವರ್ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ದಸ್ತಗಿರಮ್ಮನೂ ಮಾತು ನಿಲ್ಲಿಸಲಿಲ್ಲ.

"ನಾವು ಲಾರಿ ಹತ್ತೂಕಿಂತ ಮೊದ್ಲ ಹಾಸ್ಟೆಲ್ ತೆಗೀಬೇಕ್ರಿ. ರಾತ್ರಿ ಹೆಣ್ಣು ಹುಡುಗ್ರ ಜೋಡಿ ಮಲಗಾಕ ಒಬ್ಬಾಕಿ ಆಯಾ ಬೇಕು... ಎಲ್ಲಿಗೆ ಹೋಕ್ಕೀರಿ? ಕುಂದರ್ರಿ. ಇನ್ನೂ ಐತಿ."