ಎಡತೋಳಿನ ಕೆಂಪು ದಾರ

ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ. ಆದರೂ ಮನೆಯಲ್ಲಿ ಅವರಿಗೆ ಗೊತ್ತಿಲ್ಲದ ವಸ್ತುವಿಲ್ಲ.

ಕಣ್ಣು ಹೋಗುವ ಮೊದಲು ಸಿದ್ಧ ಉಡುಪಿನ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ಹೊಲಿಯುವಾಗ ಸೂಜಿ ಮುರಿದರೆ ಅದರ ತುದಿ ಬಟ್ಟೆಯ ಮಡಿಕೆಯಲ್ಲೆಲ್ಲೋ ಉಳಿದುಬಿಡುತ್ತದೆ. ಅದನ್ನು ಬೆರಳಲ್ಲೇ ಹುಡುಕಿ, ಸಿಕ್ಕ ಜಾಗಕ್ಕೆ ಕೆಂಪು ದಾರದ ಗಂಟು ಹಾಕಿ ಪಕ್ಕಕ್ಕಿಡುವುದು ಅವರ ಕೆಲಸವಾಗಿತ್ತು. ಆಮೇಲೆ ಇನ್ನೊಬ್ಬರು ಬಂದು ಬಿಚ್ಚಿ ತೆಗೆಯುತ್ತಿದ್ದರು. ಅತ್ತೆಯ ಬೆರಳುಗಳಿಗೆ ನಿವೃತ್ತಿ ಆಗಲೇ ಇಲ್ಲ. ಮಧ್ಯಾಹ್ನ ಎಲ್ಲರೂ ಸುಮ್ಮನಿರುವಾಗ ಅವು ಗೋಡೆ ಸವರಿಕೊಂಡು ಬರುವ ಸದ್ದು ಕೇಳುತ್ತದೆ. ಕಪಾಟು, ದಿಂಬಿನ ಚೀಲ, ನನ್ನ ಕೈಚೀಲ, ಎಲ್ಲವನ್ನೂ ಮುಟ್ಟಿ ನೋಡಿ, ಇದ್ದ ಹಾಗೆಯೇ ಇಟ್ಟು ಹೋಗುತ್ತವೆ.

ಮಗಳು ಹುಟ್ಟಿದಾಗ ರಕ್ತ ನಿಲ್ಲದೆ ನಾನು ಸತ್ತೇ ಹೋಗುತ್ತಿದ್ದೆ. ಆದರೂ ನನ್ನ ಗಂಡ, "ಇನ್ನೊಂದು ಆಗಿಬಿಡ್ಲಿ, ಆಮೇಲೆ ನಿನ್ನಿಷ್ಟ" ಎನ್ನುವುದನ್ನು ಬಿಡಲಿಲ್ಲ. ಅವರು ಕೆಟ್ಟವರಲ್ಲ. ಆ ದಿನವನ್ನು ಅವರು ಬಾಗಿಲ ಹೊರಗಿನಿಂದ ನೋಡಿದ್ದರು, ನಾನು ಒಳಗಿನಿಂದ. ಅಷ್ಟೇ ವ್ಯತ್ಯಾಸ.

ಗರ್ಭ ತಡೆಯುವ ಮಾತ್ರೆ ತಂದಿಟ್ಟರೆ ಅತ್ತೆಯ ಕೈಗೆ ಸಿಗುತ್ತಿತ್ತು. ಇಂಜೆಕ್ಷನ್ನಿಗಾದರೆ ಮತ್ತೆ ಮತ್ತೆ ಹೊರಡಬೇಕು, ಪ್ರತಿ ಸಲವೂ ಒಂದು ಹೊಸ ಸುಳ್ಳು ಬೇಕು. ಕಾಪರ್-ಟಿ ಎಂದರೆ ಎದುರುಮನೆ ಅಕ್ಕ ಕಣ್ಣರಳಿಸಿದ್ದರು: "ಅಯ್ಯೋ, ಅದು ಒಳಗೇ ಓಡಾಡುತ್ತಂತೆ ಕಣೆ! ಯಾರಿಗೋ ಎದೆ ತನಕ ಹತ್ತಿತ್ತಂತೆ."

ಡಾಕ್ಟರಮ್ಮ ಇದನ್ನು ಕೇಳಿ ನಕ್ಕರು. "ಅದಕ್ಕೇನು ಕಾಲಿದೆಯೇನ್ರೀ?"

ನಾನೂ ನಕ್ಕೆ. ಆದರೆ ಹೆದರಿಕೆ ನಗಲಿಲ್ಲ. ಕೊನೆಗೆ ತೋಳಿನ ಚರ್ಮದಡಿ ಇಡುವ ಕಡ್ಡಿಯನ್ನು ಆರಿಸಿಕೊಂಡೆ. ಬೆಂಕಿಕಡ್ಡಿಯಷ್ಟು ಉದ್ದ, ಮೆತ್ತಗಿನದು, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಆ ಮನೆಯಲ್ಲಿ ಅತ್ತೆಯ ಬೆರಳು ಹೋಗದ ಜಾಗ ಉಳಿದಿದ್ದುದು ನನ್ನ ಮೈಯ ಒಳಗೆ ಮಾತ್ರ. ಹೊರಗೆ ನಡೆಯುವಾಗ ಅತ್ತೆ ನನ್ನ ಬಲತೋಳು ಹಿಡಿಯುತ್ತಾರೆ. ಕಡ್ಡಿಯನ್ನು ಎಡತೋಳಿನ ಒಳಬದಿಗೆ ಇಡಿಸಿಕೊಂಡೆ.

ಒಂದು ದಿನ ಕಣ್ಣಾಸ್ಪತ್ರೆಯಿಂದ ಬರುತ್ತಿದ್ದೆವು. ಪೈಪು ಹಾಕಲು ರಸ್ತೆಯ ಬಲಬದಿ ಅಗೆದಿದ್ದರು.

"ಅತ್ತೆ, ಈ ಕಡೆ ಗುಂಡಿ ಇದೆ. ನಿಧಾನ."

"ಗುಂಡಿಗೆ ಸೊಸೆ ಮೊದ್ಲು ಬೀಳ್ಲಿ" ಎಂದು ನಗುತ್ತಾ ಅವರು ನನ್ನ ಬೆನ್ನ ಹಿಂದಿನಿಂದ ಸುತ್ತಿ ಬಂದು ಎಡತೋಳು ಹಿಡಿದರು. ನನಗೆ ತಪ್ಪಿಸಿಕೊಳ್ಳಲು ಹೊತ್ತೇ ಸಿಗಲಿಲ್ಲ.

ನಾಲ್ಕು ಹೆಜ್ಜೆಗೆ ಅವರ ಬೆರಳು ನಿಂತಿತು. ಹಿಂದಕ್ಕೆ ಸರಿಯಿತು. ಕಡ್ಡಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲನೆ ಓಡಿತು.

"ಯಾಕೆ ನಿಂತ್ರಿ?"

"ಏನಿಲ್ಲ. ನಡಿ."

ಮರುದಿನ ಸ್ನಾನ ಮಾಡಿ ಬಟ್ಟೆಯ ಕಪಾಟು ತೆರೆದೆ. ಮೇಲಿದ್ದ ರವಿಕೆಯ ಎಡತೋಳಿನ ಒಳಬದಿಯಲ್ಲಿ ಒಂದು ಪುಟ್ಟ ಕೆಂಪು ಗಂಟು. ಕೆಳಗಿನದನ್ನು ಎಳೆದೆ, ಅದರಲ್ಲೂ ಇತ್ತು. ಮನೆಯಲ್ಲಿ ಹಾಕುವ ನೈಟಿ, ಚಳಿಗೆಂದು ಇಟ್ಟ ಸ್ವೆಟರು, ಮದುವೆಗೆ ಹೊಲಿಸಿದ ರೇಷ್ಮೆ ರವಿಕೆ, ಒಂದನ್ನೂ ಬಿಟ್ಟಿರಲಿಲ್ಲ. ಹಾಕಿಕೊಂಡು ನೋಡಿದೆ. ಗಂಟು ಸರಿಯಾಗಿ ಕಡ್ಡಿಯ ಮೇಲೇ ಬಂದು ಕೂತಿತು.

ಇನ್ನು ಇವರು ಮಗನಿಗೆ ಹೇಳುತ್ತಾರೆ. ಬಿಚ್ಚಿ ತೆಗೆಯುವವರು ಬರುತ್ತಾರೆ. ದಿನವಿಡೀ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ಗಂಡ ನನ್ನ ತೋಳು ನೋಡಿದರು. "ಇದೇನೇ ಕೆಂಪಗೆ?"

ನಾನು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡೆ. ಅತ್ತೆ ತಟ್ಟೆಯಿಂದ ಮುಖ ಎತ್ತದೆ, "ನಾನೇ ಹಾಕಿದ್ದು ಕಣೋ. ಹೊಲಿಗೆ ಬಿಟ್ಟಿತ್ತು" ಎಂದರು.

"ಕೆಂಪು ದಾರದಲ್ಲಾ?"

"ಕುರುಡಿಗೆ ಕೆಂಪ್ಯಾವ್ದು ಬಿಳಿಯಾವ್ದು? ಸುಮ್ನೆ ಊಟ ಮಾಡು."

ಪಾತ್ರೆ ತೊಳೆಯುವಾಗ ಅವರು ಹಿಂದೆ ಬಂದು ನಿಂತರು. ನನ್ನ ತೋಳು ಅವರ ಕೈಯೊಳಗೆ ಹೋಯಿತು.

"ನನ್ನ ಮಗಳದ್ದೂ ಹೀಗೇ ಹಿಡಿದು ನೋಡಿದ್ದೆ" ಎಂದರು. ಅವರು ಹೇಳುತ್ತಿದ್ದುದು ನನ್ನ ಗಂಡನ ಅಕ್ಕನ ಬಗ್ಗೆ. ಎರಡನೇ ಹೆರಿಗೆಯಲ್ಲಿ ಹೋದವಳು. "ಆಸ್ಪತ್ರೆಯಿಂದ ತಂದು ಮಲಗಿಸಿದ್ರಲ್ಲ, ಆಗ. ಇಂಥದ್ದೇನೂ ಇರ್ಲಿಲ್ಲ. ಬರೀ ತೋಳು."

"ಅತ್ತೆ, ಅವರಿಗೆ ಹೇಳ್ಬೇಡಿ."

"ಸಿಕ್ಕಿದ ಸೂಜಿಗೆ ಯಾರಾದ್ರೂ ಗಲಾಟೆ ಮಾಡ್ತಾರೇನೇ? ಸಿಗದೇ ಹೋದ್ರೆ ಕಾರ್ಖಾನೆನೇ ನಿಲ್ಲಿಸ್ತಿದ್ವಿ." ಬೆರಳು ಇನ್ನೊಮ್ಮೆ ಒತ್ತಿತು. "ಇದು ಇಲ್ಲೇ ಇರ್ಬೇಕು. ದಿನಾ ನೋಡ್ತೀನಿ."

ನಾನು ಅತ್ತುಬಿಟ್ಟೆ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಂದಿನಿಂದ ಮಧ್ಯಾಹ್ನ ತಪ್ಪದೆ ಬರುತ್ತಾರೆ. ಒತ್ತಿ ನೋಡಿ, "ಇದೆ" ಎಂದು ಹೋಗುತ್ತಾರೆ. ನಾನು ನಿದ್ದೆಯಲ್ಲಿದ್ದರೂ ಸರಿ, ಬಂದವರ ಜೊತೆ ಮಾತಾಡುತ್ತಿದ್ದರೂ ಸರಿ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕಡ್ಡಿ ಬದಲಿಸುವ ಕಾಲ ಬಂದಿದೆ. ಮೊನ್ನೆ ಡಾಕ್ಟರಮ್ಮ ನನ್ನನ್ನು ಪೂರ್ತಿ ಪರೀಕ್ಷಿಸಿ, ಮುನ್ನೆಚ್ಚರಿಕೆ ತೆಗೆದುಕೊಂಡರೆ ಇನ್ನೊಂದು ಮಗುವಿಗೆ ತೊಂದರೆಯಾಗಲಿಕ್ಕಿಲ್ಲ, "ನಿಮಗೆ ಬೇಕಿದ್ರೆ ಮಾತ್ರ" ಎಂದರು. ನನಗೆ ಬೇಕು ಅನ್ನಿಸಿತು. ಯಾರೂ ಹೇಳದೆ, ನನಗೇ. ಕಿಟಕಿಯ ಬಳಿ ಕೂತು, ಈ ಮಾತನ್ನು ಗಂಡನಿಗೆ ಹೇಗೆ ಹೇಳಲಿ, ಕಡ್ಡಿಯಿಲ್ಲದ ತೋಳನ್ನು ಅತ್ತೆಯ ಕೈಗೆ ಹೇಗೆ ಕೊಡಲಿ ಎಂದು ಯೋಚಿಸುತ್ತಾ, ಗೊತ್ತಿಲ್ಲದೆಯೇ ತೋಳು ಸವರಿಕೊಳ್ಳುತ್ತಿದ್ದೆ.

ಆಚೆ ಕೋಣೆಯ ಗೋಡೆಯ ಮೇಲೆ ಬೆರಳು ಸರಿಯುವ ಸದ್ದು ಕೇಳಿಸಿತು. ಅವರು ಬರುವ ಹೊತ್ತು ಇನ್ನೂ ಆಗಿರಲಿಲ್ಲ.