ಖಾಲಿ ತಿರುಗಿದ ಬೀಸುಕಲ್ಲು

ನಾನು ಬೀಸುಕಲ್ಲು. ಗುಡ್ಡದ ಬಂಡೆಯಲ್ಲಿ ಹಾಯಾಗಿ ಮಲಗಿದ್ದ ನನ್ನನ್ನು ಕಲ್ಲುಕುಟಿಗ ಎಬ್ಬಿಸಿ, ಉಳಿ ಹೊಡೆದು, ಎರಡು ಹೋಳು ಮಾಡಿ, ಮೇಲಿನದಕ್ಕೆ ಬಾಯಿ ಕೊರೆದು ಗೂಟ ಬಡಿದ. ಅಬ್ಬಾ, ಆ ನೋವು! ಮುದುಕನೊಬ್ಬ ನನ್ನನ್ನು ತಂದು ತನ್ನ ಕಿರಿಯ ಸೊಸೆ ಸಾತವ್ವನ ಪಡಸಾಲೆಯಲ್ಲಿ ಕೂರಿಸಿದ.

ಸಾತವ್ವನಿಗೆ ಗಂಡನಿರಲಿಲ್ಲ, ಹೊಲವೂ ಇರಲಿಲ್ಲ. ಓಣಿಯ ಹೆಂಗಸರೆಲ್ಲ ನನ್ನಲ್ಲೇ ಜೋಳ ಬೀಸುತ್ತಿದ್ದರು. ಎದ್ದು ಹೋಗುವಾಗ ಕಲ್ಲಿನ ಬಾಯಿ ಬರಿದಾಗಿ ಬಿಡಬಾರದೆಂದು ಒಂದು ಹಿಡಿ ಕಾಳು ಹಾಕುವುದು ಅಲ್ಲಿಯ ಪದ್ಧತಿ. ಅದೇ ಸಾತವ್ವನ ಹೊಟ್ಟೆಪಾಡು. ಅದರಲ್ಲೂ ಹಸಿದು ಬಂದವರಿಗೆ ಮೊದಲು ರೊಟ್ಟಿ ಕೊಟ್ಟು, ಉಳಿದರೆ ತಾನು ತಿನ್ನುತ್ತಿದ್ದಳು.

ಬರ ಬಿದ್ದಾಗಲೂ ಅವಳ ಒಲೆ ಆರಲಿಲ್ಲ. ಹಿರಿಯ ಸೊಸೆ ಚೆಂಬವ್ವನಿಗೆ ಹೊಟ್ಟೆಕಿಚ್ಚು. ಅವಳೂ ಒಂಟಿ; ನೆಲದಡಿಯ ಹಗೇವು ತುಂಬ ಜೋಳವಿದ್ದರೂ ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಅವಳು. ಈ ಕಲ್ಲೇ ತಾನಾಗಿ ಹಿಟ್ಟು ಸುರಿಸುತ್ತದೆ ಎಂದು ಲೆಕ್ಕ ಹಾಕಿ, ಒಂದು ದಿನ ಸಾತವ್ವನ ಪಡಸಾಲೆಗೆ ಬಂದು ನಿಂತಳು.

“ಮಾವ ತಂದ ಕಲ್ಲಿದು. ಹಿರೀ ಸೊಸಿ ನಾನು, ನನಗ ಸೇರಬೇಕು!”

ಸಾತವ್ವ ನನ್ನ ಮೈ ಒಮ್ಮೆ ಸವರಿದಳು. “ಒಯ್ರಿ ಅಕ್ಕಾರ. ಆದ್ರ ಖಾಲಿ ತಿರುವಬ್ಯಾಡ್ರಿ. ಹಿಟ್ಟು ಕಲ್ಲಿಂದಲ್ರಿ, ಮಂದಿ ಹಾಕಿದ ಕಾಳಿಂದು.”

“ನನ್ನ ಮುಂದ ಆಟ ಹೂಡ್ತಿ? ಸುಮ್ನ ಕುಂದರ!”

ಚೆಂಬವ್ವ ನನ್ನನ್ನು ತನ್ನ ಮನೆಗೆ ಹೊರಿಸಿಕೊಂಡು ಹೋಗಿ, ಹಗೇವಿನ ಜೋಳವನ್ನೆಲ್ಲ ಮಾರಿಬಿಟ್ಟಳು. ಕಲ್ಲಿರುವಾಗ ಕಾಳೇಕೆ? ಯಾರೂ ಪಾಲು ಕೇಳಬಾರದೆಂದು ಅಗುಳಿ ಹಾಕಿ, ಒಬ್ಬಳೇ ನನ್ನನ್ನು ತಿರುವತೊಡಗಿದಳು. ಕಲ್ಲಿಗೆ ಕಲ್ಲು ಉಜ್ಜಿ ನನ್ನ ಮೈಯೇ ಪುಡಿಯಾಗಿ ಉದುರಿತು. ಅದನ್ನೇ ಹಿಟ್ಟೆಂದು ಬಳಿದು ಕಲಸಿದಳು, ರೊಟ್ಟಿಯಾಗಲಿಲ್ಲ. ಮಾರಿದ ಜೋಳವನ್ನು ಮತ್ತೆ ಕೊಳ್ಳಲು ಮನಸ್ಸು ಒಪ್ಪಲಿಲ್ಲ. ದಿನಗಟ್ಟಲೆ ಬರೀ ನೀರು ಕುಡಿದು ಮತ್ತೆ ಮತ್ತೆ ತಿರುವಿದಳು. ಕೈಗೆ ಬೊಬ್ಬೆ ಬಂದವು, ಕಣ್ಣು ಗುಳಿಬಿದ್ದವು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. “ಅಕ್ಕಾರ, ನಾನ್ರಿ, ಸಾತವ್ವ. ಓಣ್ಯಾನ ಮಂದಿ ನನಗ ಈಗೂ ಹಿಡಿ ಹಿಟ್ಟು ತಂದು ಕೊಡ್ತಾರ್ರಿ. ನಿಮಗೂ ಬಿಸಿ ರೊಟ್ಟಿ ತಂದೀನಿ. ಬಾಗಲಾ ತಗೀರಿ.”

“ಕಲ್ಲು ಒಯ್ಯಾಕ ಬಂದಿ, ನನಗ ಗೊತ್ತದ! ಹೋಗು!” ಎಂದು ಚೆಂಬವ್ವ ಎರಡೂ ಕೈಯಿಂದ ನನ್ನನ್ನು ತಬ್ಬಿಕೊಂಡಳು. ಸಾತವ್ವ ಹೊತ್ತು ಮುಳುಗುವವರೆಗೆ ಕರೆದಳು.

ಮರುದಿನ ಊರವರು ಬಾಗಿಲು ಒಡೆದಾಗ ಚೆಂಬವ್ವನ ಕೈ ಗೂಟದ ಮೇಲೇ ಇತ್ತು. ಜೀವ ಇರಲಿಲ್ಲ. ಸಾತವ್ವ ಎದೆ ಬಡಿದುಕೊಂಡು ಅತ್ತಳು.

ಅವಳಿಗೆ ಓಣಿಯವರೆಲ್ಲ ಸೇರಿ ಹೊಸ ಕಲ್ಲು ತಂದುಕೊಟ್ಟರು. ಸವೆದು ಬಿರುಕುಬಿಟ್ಟ ನಾನು ಹಿತ್ತಲಲ್ಲಿ ಬಿದ್ದಿದ್ದೇನೆ. ಚೆಂಬವ್ವನ ಮೇಲಿದ್ದ ಸಿಟ್ಟು ಎಂದೋ ಇಳಿಯಿತು, ಸಂಕಟ ಮಾತ್ರ ಇಳಿಯುವುದಿಲ್ಲ. ಅಗುಳಿ ತೆಗೆದಿದ್ದರೆ ಉಣ್ಣುತ್ತಿದ್ದಳಲ್ಲ, ಹುಚ್ಚಿ!